ದಡದಲ್ಲಿ ಕೂತವರ ಕೆಲಸ

ಹೋದ ವಾರ ಮಳೆ ಸರಿಯಾಗಿ ಹಿಡಿಯಿತು. ಮದಕದ ಗೇಟಿಗೆ ಬೀಗ ಹಾಕಿ ಬಂದೆ. ಇನ್ನು ಮಕ್ಕಳು ನೀರಿಗೆ ಇಳಿಯುವುದು ಮುಂದಿನ ಬೇಸಿಗೆಗೇ. ಈ ಸಲ ಹನ್ನೊಂದು ಮಕ್ಕಳು ಬಂದಿದ್ದರು. ಆಡಿದರು, ಈಜಿದರು, ಹನ್ನೊಂದು ಮಕ್ಕಳೂ ಅವರವರ ಮನೆಗೆ ಹೋದರು. ಬೀಗ ಹಾಕುವಾಗ ಪ್ರತಿ ವರ್ಷ ನನಗೆ ಆಗುವ ಸಮಾಧಾನ ಅಷ್ಟಿಷ್ಟಲ್ಲ.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ. ಮನೆಯ ಹಿಂದೆ ಅಡಿಕೆ ತೋಟ, ತೋಟದ ತಲೆಗೆ ಮದಕ, ಅದರ ಆಚೆ ಗುಡ್ಡ. ಘಟ್ಟದ ಮೇಲಿನವರಿಗೆ ಮದಕ ಅಂದರೆ ಗೊತ್ತಿರಲಿಕ್ಕಿಲ್ಲ. ಗುಡ್ಡದ ಮಳೆ ನೀರು ಇಳಿದು ಬಂದು ನಿಲ್ಲುವ ದೊಡ್ಡ ಕೆರೆ ಅದು. ನಮ್ಮದು ಮೂರು ಮನೆಗಳಿಗೆ ಸೇರಿದ್ದು. ಮೂರು ಬದಿ ಕೆಂಪು ಕಲ್ಲಿನ ಕಟ್ಟೆ, ಒಂದು ಬದಿ ಮೆಟ್ಟಿಲು. ಆಗಸ್ಟಿನಲ್ಲಿ 18 ಅಡಿ ನೀರಿದ್ದರೆ ಮೇ ತಿಂಗಳಲ್ಲಿ 8 ಅಡಿಗೆ ಇಳಿಯುತ್ತದೆ. ವಿಷು ಕಳೆಯಿತು ಅಂದರೆ ಪುತ್ತೂರು, ಮಂಗಳೂರು, ಬೆಂಗಳೂರಿನಿಂದ ನೆಂಟರ ಮಕ್ಕಳು ಬರುತ್ತಾರೆ. ಬಂದವರು ಚೀಲ ಇಡುವ ಮೊದಲೇ ಕೇಳುವ ಪ್ರಶ್ನೆ ಒಂದೇ: "ಮದಕಕ್ಕೆ ಹೋಗೋದು ಯಾವಾಗ?" ಅನಂತಪುರದ ಕೆರೆ ದೇವಸ್ಥಾನಕ್ಕೆ ಹೋಗಿ ಬಂದ ಮಕ್ಕಳಿದ್ದರೆ ಇನ್ನೊಂದು ಪ್ರಶ್ನೆಯೂ ಇರುತ್ತದೆ. ಇಲ್ಲೂ ಬಬಿಯಾ ಥರ ಮೊಸಳೆ ಇದೆಯಾ ಅಂತ. ಬಬಿಯಾ 2022ರ ಅಕ್ಟೋಬರಿನಲ್ಲಿ ತೀರಿಕೊಂಡಿತು. ಆದರೂ ಮಕ್ಕಳಿಗೆ ಅದರದ್ದೇ ಹೆದರಿಕೆ. ನನಗೆ ಹೆದರಿಕೆ ಇರುವುದು ಬೇರೆ ವಿಷಯಕ್ಕೆ.

2017ರ ಮೇ ತಿಂಗಳು. ಮಧ್ಯಾಹ್ನ ನಾಲ್ಕು ಗಂಟೆ ಇರಬಹುದು. ಏಳು ಮಕ್ಕಳು ನೀರಿನಲ್ಲಿದ್ದರು. ಕಟ್ಟೆಯ ಮೇಲೆ ನಾವು ಆರು ಜನ ದೊಡ್ಡವರು. ಹಲಸಿನ ಹಪ್ಪಳ ಕರಿದು ತಂದಿದ್ದೆವು. ಒಂದು ಮದುವೆಯ ವಿಷಯ ಮಾತಾಡುತ್ತಿದ್ದೆವು. ನನ್ನ ಭಾವನ ಮಗನಿಗೆ ಆಗ ಆರು ವರ್ಷ. ಲಾರಿ ಟಯರಿನ ಟ್ಯೂಬಿನೊಳಗೆ ಕೂತು ಕೈಯಲ್ಲಿ ನೀರು ತಳ್ಳುತ್ತಾ ತೇಲುತ್ತಿದ್ದ. ಟ್ಯೂಬ್ ಇದೆಯಲ್ಲ ಅಂತ ನಾವೆಲ್ಲ ನಿಶ್ಚಿಂತೆಯಿಂದ ಇದ್ದೆವು.

ಆಗ ನನ್ನ ಅತ್ತೆ ಒಣಗಿದ ಬಟ್ಟೆ ತೆಗೆಯಲು ಆ ಕಡೆ ಬಂದರು. ಒಂದು ಗಳಿಗೆ ನಿಂತು ನೋಡಿದರು. "ಮಾಣಿ ಎಂತಕೆ ಮಾತಾಡ್ತಿಲ್ಲೆ?" ಅಂತ ಕೇಳಿದರು.

ನಾವು ತಿರುಗಿ ನೋಡಿದೆವು. ಟ್ಯೂಬ್ ಖಾಲಿ. ಅದರಿಂದ ಎರಡು ಮಾರು ಆಚೆ ಹುಡುಗನ ತಲೆ ಕಾಣುತ್ತಿತ್ತು. ಅವನು ಕೂಗುತ್ತಿರಲಿಲ್ಲ. ಕೈ ಮೇಲೆತ್ತಿ ಬೀಸುತ್ತಲೂ ಇರಲಿಲ್ಲ. ಮುಖ ಆಕಾಶಕ್ಕೆ ಮಾಡಿದ್ದ. ಬಾಯಿ ನೀರಿನ ಮಟ್ಟಕ್ಕೇ ಇತ್ತು, ಒಮ್ಮೆ ಮುಳುಗುತ್ತಿತ್ತು, ಒಮ್ಮೆ ಏಳುತ್ತಿತ್ತು. ಎರಡು ಕೈ ಅಗಲಿಸಿ ನೀರನ್ನು ಕೆಳಗೆ ಒತ್ತುತ್ತಿದ್ದ. ಗೊತ್ತಿಲ್ಲದವರು ನೋಡಿದರೆ ಆಟವಾಡುತ್ತಿದ್ದಾನೆ ಅಂತಲೇ ಅಂದುಕೊಳ್ಳಬೇಕು. ನಾವೂ ಹಾಗೆಯೇ ಅಂದುಕೊಂಡಿದ್ದೆವೋ ಏನೋ, ನನಗೆ ಈಗಲೂ ನೆನೆದರೆ ಹೊಟ್ಟೆಯಲ್ಲಿ ತಣ್ಣಗಾಗುತ್ತದೆ.

ಅತ್ತೆ ಓಡಲಿಲ್ಲ, ಬೊಬ್ಬೆ ಹಾಕಲಿಲ್ಲ. ಪಕ್ಕದಲ್ಲಿ ತೆಂಗಿನ ಮರಕ್ಕೆ ಒರಗಿಸಿಟ್ಟಿದ್ದ, ಅಡಿಕೆ ಕೊಯ್ಯುವ ಉದ್ದದ ಬಿದಿರಿನ ದೋಟಿ ತೆಗೆದು ಅವನ ಎದೆಗೆ ತಾಗುವ ಹಾಗೆ ಚಾಚಿದರು. ಅವನು ಹಿಡಿದುಕೊಂಡ. ಎಳೆದುಕೊಂಡೆವು. ಕೆಮ್ಮಿದ, ವಾಂತಿ ಮಾಡಿದ, ಆಮೇಲೆ ಅತ್ತ. ಆ ರಾತ್ರಿ ಆಸ್ಪತ್ರೆಯಲ್ಲಿಟ್ಟು ನೋಡಿದರು. ಏನೂ ಆಗಲಿಲ್ಲ.

ನೀರು ಕುಡಿದು ಎದ್ದ ಮಗು ಆಡಲು ಹೋದರೂ ಆಸ್ಪತ್ರೆಗೆ ತೋರಿಸಲೇಬೇಕು. ಎದೆಯೊಳಗೆ ಹೋದ ನೀರಿನ ತೊಂದರೆ ಕೆಲವೊಮ್ಮೆ ಗಂಟೆಗಳು ಕಳೆದ ಮೇಲೆ ಜಾಸ್ತಿಯಾಗುತ್ತದೆ. ಕೆಮ್ಮು ನಿಲ್ಲದಿದ್ದರೆ, ಉಸಿರು ಬಿಗಿದರೆ, ಮಗು ತೂಕಡಿಸಿದರೆ ತಡ ಮಾಡಬಾರದು.

ಅವನು ಯಾಕೆ ಕೂಗಲಿಲ್ಲ? ಆ ಪ್ರಶ್ನೆ ನನ್ನನ್ನು ತಿಂಗಳುಗಟ್ಟಲೆ ಬಿಡಲಿಲ್ಲ. ಓದುತ್ತಾ ಹೋದೆ. ಅಮೆರಿಕದಲ್ಲಿ ಫ್ರಾನ್ಸೆಸ್ಕೊ ಪಿಯಾ ಅಂತ ಒಬ್ಬ ಜೀವರಕ್ಷಕರು ಇದ್ದರು. ನ್ಯೂಯಾರ್ಕಿನ ಕಡಲ ದಡದಲ್ಲಿ ಮುಳುಗುವವರನ್ನು ವರ್ಷಗಟ್ಟಲೆ ಗಮನಿಸಿದವರು. ಅವರು ಕಂಡದ್ದು ನಾವು ಆ ದಿನ ನೋಡಿದ್ದನ್ನೇ. ಮುಳುಗುವವರು ಕೂಗುವುದಿಲ್ಲ, ಕೂಗಲು ಆಗುವುದೂ ಇಲ್ಲ. ಬಾಯಿ ನೀರಿನಿಂದ ಮೇಲೆ ಬರುವುದು ಒಂದು ಕ್ಷಣ. ಆ ಕ್ಷಣ ಉಸಿರು ಎಳೆದುಕೊಳ್ಳಲಿಕ್ಕೇ ಸಾಲದು, ಮಾತು ಎಲ್ಲಿಂದ ಬರಬೇಕು? ಕೈ ಬೀಸಲೂ ಆಗುವುದಿಲ್ಲ, ಯಾಕೆಂದರೆ ಕೈ ತನ್ನಷ್ಟಕ್ಕೇ ನೀರನ್ನು ಒತ್ತಿ ಹಿಡಿಯುತ್ತಿರುತ್ತದೆ. ಇದೆಲ್ಲ ನಡೆಯುವುದು 20ರಿಂದ 60 ಸೆಕೆಂಡು. ಆಮೇಲೆ ತಲೆ ಒಳಗೆ ಹೋಗುತ್ತದೆ. ಒಂದು ಹಪ್ಪಳ ತಿಂದು ಮುಗಿಸುವಷ್ಟು ಹೊತ್ತೂ ಅಲ್ಲ.

ಅತ್ತೆ ಪಿಯಾ ಅವರ ಹೆಸರು ಕೇಳಿದವರಲ್ಲ. ಆದರೆ ಅವರಿಗೆ ಗೊತ್ತಿತ್ತು, ನೀರಿನಲ್ಲಿರುವ ಮಗು ಸುಮ್ಮನಾಯಿತು ಅಂದರೆ ಏನೋ ಸರಿಯಿಲ್ಲ ಅಂತ. ಅವರು ಹುಟ್ಟಿದ ಮನೆ ಶಿರಿಯ ಹೊಳೆಯ ಬದಿಯಲ್ಲಿ. ಅಲ್ಲಿ ಹೆಂಗಸರು ಬಟ್ಟೆ ಒಗೆಯುವಾಗ ಒಂದು ಕಿವಿ ಮಕ್ಕಳ ಗಲಾಟೆಯ ಮೇಲೆ ಇರುತ್ತಿತ್ತಂತೆ.

ಅಂದಿನಿಂದ ನಮ್ಮ ಮದಕಕ್ಕೆ ಒಂದು ಕಟ್ಟುನಿಟ್ಟು ಬಂತು. ಮಕ್ಕಳು ನೀರಿನಲ್ಲಿ ಇರುವಷ್ಟು ಹೊತ್ತು ದಡದಲ್ಲಿ ಒಬ್ಬರು ಕೂರಬೇಕು. ಅವರಿಗೆ ಬೇರೆ ಕೆಲಸ ಇಲ್ಲ. ಹಪ್ಪಳ ಇಲ್ಲ, ಮಾತು ಇಲ್ಲ, ಮೊಬೈಲು ಮನೆಯಲ್ಲೇ ಬಿಟ್ಟು ಬರಬೇಕು ಅಥವಾ ಬುಟ್ಟಿಯಲ್ಲಿ ಹಾಕಬೇಕು. ಅವರು ಮಾಡುವುದು ತಲೆ ಎಣಿಸುವುದು. ಎಣಿಸಿ ಮುಗಿದರೆ ಮತ್ತೆ ಮೊದಲಿಂದ. ಅರ್ಧ ಗಂಟೆಗೊಮ್ಮೆ ಬದಲಾಗುತ್ತೇವೆ, ಅದಕ್ಕಿಂತ ಜಾಸ್ತಿ ಹೊತ್ತು ಯಾರ ಕಣ್ಣೂ ನಿಲ್ಲುವುದಿಲ್ಲ. ಬದಲಾಗುವಾಗ ಬಾಯಿ ಬಿಟ್ಟು ಹೇಳಬೇಕು: "ಇನ್ನು ನೀನು. ಹನ್ನೊಂದು ಮಕ್ಕಳು." ಅವರು "ಸರಿ, ಹನ್ನೊಂದು" ಅನ್ನಬೇಕು. ಎಲ್ಲರೂ ನೋಡುತ್ತಿದ್ದಾರೆ ಅಂತ ಅಂದುಕೊಂಡ ಕಡೆ ಯಾರೂ ನೋಡುತ್ತಿರುವುದಿಲ್ಲ. ಆವತ್ತು ನಾವು ಆರು ಜನ ಇದ್ದೆವು ಅಲ್ವಾ?

ಈ ವರ್ಷ ಆ ಮಾಣಿಯೇ ನನ್ನ ಜೊತೆ ದಡದಲ್ಲಿ ಕೂತ. ಈಗ ಎತ್ತರದಲ್ಲಿ ನನ್ನನ್ನು ಮೀರಿಸಿದ್ದಾನೆ. ನೀರಿನಲ್ಲಿ ಯಾರಾದರೂ ಪುಟ್ಟವರು ಸ್ವಲ್ಪ ಹೊತ್ತು ಸುಮ್ಮನಿದ್ದರೆ "ಏ, ಒಂದು ಪದ್ಯ ಹೇಳು" ಅಂತ ಕರೆಯುತ್ತಿದ್ದ. ಅವರು ಹೇಳಲು ಶುರು ಮಾಡಿದ ಮೇಲೆಯೇ ಅವನ ಕಣ್ಣು ಮುಂದಿನ ತಲೆಗೆ ಹೋಗುತ್ತಿತ್ತು.

ಆ ದಿನ ನಾನು ಕಟ್ಟೆಯ ಮೇಲೆ ನಿಂತೇ ಇದ್ದೆ. ನನಗೆ ಈಜು ಬರುತ್ತಿರಲಿಲ್ಲ. ಆಗ ನನಗೆ 35 ವರ್ಷ. ಹೆಣ್ಣುಮಕ್ಕಳಿಗೆ ಕೆರೆಯ ಸುದ್ದಿ ಬೇಡ ಅಂತ ನನ್ನ ತವರಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಮರುದಿನ ಬೆಳಿಗ್ಗೆಯೇ ಅತ್ತೆಯ ಹತ್ತಿರ ಹೋಗಿ ಕಲಿಸಿ ಅಂತ ಕೇಳಿದೆ. ಅವರಿಗೆ 64. "ನೈಟಿ ಹಾಕಿ ಬರಬೇಡ, ಕಾಲಿಗೆ ಸುತ್ತಿಕೊಳ್ಳುತ್ತದೆ" ಅಂದರು. ಗಂಡಸರ ಲುಂಗಿಯೂ ಅಷ್ಟೇ. ಮೈಗೆ ಅಂಟುವ ಬಟ್ಟೆಯೇ ಒಳ್ಳೆಯದು.

ಸಿಪ್ಪೆ ಸುಲಿಯದ ಎರಡು ಒಣ ತೆಂಗಿನಕಾಯಿಗೆ ಹಗ್ಗ ಕಟ್ಟಿ, ಹಗ್ಗ ಎದೆಯ ಕೆಳಗೆ ಬರುವ ಹಾಗೆ ಮಾಡಿದರು. ಕಾಯಿಗಳು ಎರಡು ಕಂಕುಳ ಪಕ್ಕ ತೇಲುತ್ತವೆ. ಹಳ್ಳಿಯ ಮಕ್ಕಳು ಈಜು ಕಲಿತದ್ದೆಲ್ಲ ಹೀಗೆ. ಮೊದಲ ನಾಲ್ಕು ದಿನ ಅವರು ನನಗೆ ಕೈಕಾಲು ಬಡಿಯಲು ಬಿಡಲೇ ಇಲ್ಲ. ಅಂಗಾತ ಮಲಗಬೇಕು, ಕಿವಿ ನೀರಿನೊಳಗೆ ಇರಬೇಕು, ಹೊಟ್ಟೆ ಮೇಲೆ ಬರಬೇಕು, ಉಸಿರು ಮೆಲ್ಲಗೆ. ಅಷ್ಟೇ. "ನೀರಿನ ಮೇಲೆ ಮಲಗಲು ಬಂದವಳು ಅರ್ಧ ಬಚಾವು" ಅಂತ ಹೇಳುತ್ತಿದ್ದರು. ನಾನು ಈಗ ಮಕ್ಕಳಿಗೂ ಅದನ್ನೇ ಮೊದಲು ಕಲಿಸುತ್ತೇನೆ. ಸುಸ್ತಾದಾಗ, ಗಾಬರಿಯಾದಾಗ, ಕಾಲು ಹಿಡಿದುಕೊಂಡಾಗ ತಿರುಗಿ ಮಲಗು. ಯಾರಾದರೂ ಬರುವ ತನಕ ಮಲಗಿರು. ಐದು ನಿಮಿಷ ಹಾಗೆ ತೇಲಲು ಬಾರದ ಮಗುವನ್ನು, ಎಷ್ಟು ಚಂದ ಈಜಿದರೂ, ನಾನು ಮೂರನೇ ಮೆಟ್ಟಿಲಿನ ಆಚೆ ಬಿಡುವುದಿಲ್ಲ.

ಈಜು ಬಂತು ಅಂತ ಇನ್ನೊಬ್ಬರನ್ನು ಎತ್ತಲು ಹಾರುವುದು ಬೇರೆಯೇ ವಿಷಯ. ಇದನ್ನು ದೊಡ್ಡವರಿಗೇ ಹೇಳಬೇಕಾಗುತ್ತದೆ. ಮುಳುಗುವವರು ಕೈಗೆ ಸಿಕ್ಕಿದ್ದನ್ನು ತಬ್ಬುತ್ತಾರೆ, ತಬ್ಬಿ ಮೇಲೆ ಹತ್ತಲು ನೋಡುತ್ತಾರೆ. ಒಬ್ಬರನ್ನು ಉಳಿಸಲು ಹೋಗಿ ಇಬ್ಬರು, ಮೂವರು ಹೋದ ಸುದ್ದಿ ಪ್ರತಿ ಬೇಸಿಗೆಯಲ್ಲೂ ಪೇಪರಿನಲ್ಲಿ ಬರುತ್ತದೆ. ಅತ್ತೆಗೆ ಈಜು ಚೆನ್ನಾಗಿ ಬರುತ್ತಿತ್ತು. ಆದರೂ ಅವರು ಮೊದಲು ಕೈ ಹಾಕಿದ್ದು ದೋಟಿಗೆ. ಮೊದಲು ಚಾಚಬೇಕು. ದೋಟಿ, ತೆಂಗಿನ ಗರಿಯ ಕೊತ್ತಳಿಗೆ, ಸೀರೆ, ಯಾವುದಾದರೂ ಸರಿ, ಹೊಟ್ಟೆ ಅಡಿ ಮಾಡಿ ಮಲಗಿ ಚಾಚಿದರೆ ನಮ್ಮನ್ನು ಎಳೆದು ಹಾಕುವುದು ಸುಲಭವಲ್ಲ. ಅದು ಮುಟ್ಟದಿದ್ದರೆ ತೇಲುವ ಏನನ್ನಾದರೂ ಎಸೆಯಬೇಕು.

ನಮ್ಮ ಕಟ್ಟೆಯ ಮೇಲೆ ಈಗ ಒಂದು ಬಿದಿರಿನ ದೋಟಿ ಯಾವಾಗಲೂ ಇರುತ್ತದೆ, ಅಡಿಕೆ ಕೊಯ್ಯಲು ಅದನ್ನು ಯಾರೂ ತೆಗೆಯಬಾರದು. ಈಗಿನ ಕಾರ್ಬನ್ ಫೈಬರ್ ದೋಟಿ ಹಗುರ, ಸರಿ. ಆದರೆ ಅದರಲ್ಲಿ ಕರೆಂಟ್ ಹರಿಯುತ್ತದೆ, ಲೈನ್ ಹೋಗುವ ಜಾಗದಲ್ಲಿ ಗಡಿಬಿಡಿಯಿಂದ ಎತ್ತುವುದು ಬೇಡ. ಅದರ ಪಕ್ಕದಲ್ಲಿ ಎಣ್ಣೆಯ 5 ಲೀಟರ್ ಖಾಲಿ ಕ್ಯಾನು, ಅದಕ್ಕೆ 15 ಮೀಟರ್ ನೈಲಾನ್ ಹಗ್ಗ. ಕ್ಯಾನಿನೊಳಗೆ ಒಂದು ಲೋಟ ನೀರು ಹಾಕಿ ಮುಚ್ಚಳ ಬಿಗಿ ಮಾಡಿದ್ದೇವೆ. ಪೂರ್ತಿ ಖಾಲಿ ಕ್ಯಾನು ಗಾಳಿಗೆ ಹಾರಿ ಎಲ್ಲೋ ಬೀಳುತ್ತದೆ, ಸ್ವಲ್ಪ ಭಾರ ಇದ್ದರೆ ಎಸೆದ ಕಡೆ ಹೋಗುತ್ತದೆ. ಒಬ್ಬ ದೊಡ್ಡ ಮನುಷ್ಯನ ತಲೆ ನೀರಿನ ಮೇಲೆ ನಿಲ್ಲಲು ಅಷ್ಟು ಸಾಕು. ಖರ್ಚು ಹಗ್ಗದ್ದು ಮಾತ್ರ. ಕೆರೆ ಇರುವ ಪ್ರತಿ ಮನೆಯಲ್ಲೂ ಇದನ್ನು ಇವತ್ತೇ ಮಾಡಿಡಬಹುದು, ದಯವಿಟ್ಟು ಮಾಡಿ.

ಎತ್ತಿದ ಮೇಲೆ ಉಸಿರಾಡದಿದ್ದರೆ? ನಮ್ಮ ಆಫೀಸಿಗೆ ಒಮ್ಮೆ ಅಗ್ನಿಶಾಮಕ ದಳದವರು ಬಂದು ತೋರಿಸಿದ್ದರು. ನಮ್ಮ ಹಳ್ಳಿಗಳಲ್ಲಿ ತಲೆ ಕೆಳಗೆ ಮಾಡಿ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ಇನ್ನೂ ಇದೆ. ಅದು ಬೇಡವೇ ಬೇಡ. ಹೊಟ್ಟೆಯ ನೀರು ಬಾಯಿಗೆ ಬಂದು ಉಸಿರಿನ ದಾರಿಗೆ ಇಳಿಯುತ್ತದೆ, ಹೊತ್ತೂ ಹಾಳು. ಮಲಗಿಸಿ, ಗಲ್ಲ ಎತ್ತಿ, ಮೂಗು ಹಿಡಿದು ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು. ಮುಳುಗಿದವರಿಗೆ ಮೊದಲು ಬೇಕಾದದ್ದು ಗಾಳಿ. ಆಮೇಲೆ ಎದೆಯ ನಡುವೆ 30 ಸಲ ಒತ್ತುವುದು, 2 ಸಲ ಉಸಿರು. ನಿಮಿಷಕ್ಕೆ 100ರಿಂದ 120ರ ಲೆಕ್ಕದಲ್ಲಿ, ದೊಡ್ಡವರಿಗೆ 5 ಸೆಂಟಿಮೀಟರ್ ಒಳಗೆ ಹೋಗುವಷ್ಟು ಗಟ್ಟಿಯಾಗಿ. ಇನ್ನೊಬ್ಬರು 112ಕ್ಕೋ 108ಕ್ಕೋ ಫೋನ್ ಮಾಡಬೇಕು. ಅಗ್ನಿಶಾಮಕ ದಳದ 101 ನಂಬರನ್ನೂ ಸೇರಿಸಿ ಪಂಪ್ ಶೆಡ್ಡಿನ ಗೋಡೆಗೆ ಪೇಂಟಿನಲ್ಲಿ ಬರೆಸಿದ್ದೇನೆ. ಗಾಬರಿಯಲ್ಲಿ ನಂಬರ್ ನೆನಪಿಗೆ ಬರುವುದಿಲ್ಲ.

ಪಂಪ್ ಅಂದಾಗ ನೆನಪಾಯಿತು. ತೋಟಕ್ಕೆ ನೀರು ಬಿಟ್ಟಿರುವಾಗ ಯಾರೂ ಮದಕಕ್ಕೆ ಇಳಿಯಬಾರದು. ನೀರಿನೊಳಗಿನ ಮೋಟಾರಿನ ವೈರು ಎಲ್ಲಾದರೂ ಸುಲಿದಿದ್ದರೆ ನೀರಿಗೆಲ್ಲ ಕರೆಂಟ್. ಸ್ವಿಚ್ ಆಫ್ ಮಾಡಿದರೆ ಸಾಲದು, ಫ್ಯೂಸ್ ತೆಗೆದು ದಡದಲ್ಲಿ ಕೂತವರ ಕೈಯಲ್ಲಿ ಕೊಡುವುದು ನಮ್ಮ ಪದ್ಧತಿ.

ಟ್ಯೂಬಿನ ವಿಷಯಕ್ಕೆ ಬರುತ್ತೇನೆ. ನಡುವೆ ತೂತು ಇರುವ ಟ್ಯೂಬಿನಿಂದ ಸಣ್ಣ ಮಗು ಜಾರುವುದು ಎಷ್ಟು ಸುಲಭ ಅಂತ ಕಣ್ಣಾರೆ ನೋಡಿದ್ದೇನೆ. ಗಾಳಿ ತುಂಬಿದ ಆಟಿಕೆಗಳೂ ಅಷ್ಟೇ, ಅವು ಆಟಕ್ಕೆ, ಜೀವಕ್ಕಲ್ಲ. ಮಕ್ಕಳಿಗೆ ಬಾಳೆ ದಿಂಡಿನ ತೆಪ್ಪ ಅಂದರೆ ಪ್ರಾಣ. ನಾಲ್ಕು ದಿಂಡು ಸಾಲಾಗಿ ಇಟ್ಟು, ಬಿದಿರಿನ ಗೂಟ ಅಡ್ಡ ಹೊಡೆದು, ಹಗ್ಗ ಬಿಗಿದರೆ ತೆಪ್ಪ. ಮೂರನೇ ವಾರಕ್ಕೆ ದಿಂಡು ಕೊಳೆತು ಭಾರವಾಗುತ್ತದೆ, ಆಗ ಬಿಚ್ಚಿ ಗೊಬ್ಬರಕ್ಕೆ ಹಾಕುತ್ತೇವೆ. ತೆಪ್ಪ ಹತ್ತುವವರು ಲೈಫ್ ಜಾಕೆಟ್ ಹಾಕಲೇಬೇಕು, ಈಜು ಬಂದರೂ. 2019ರಲ್ಲಿ ನಾಲ್ಕು ಜಾಕೆಟ್ ತರಿಸಿದೆ. ಜಾಕೆಟ್ ಎಷ್ಟು ತೇಲಿಸುತ್ತದೆ ಅಂತ ಅದರಲ್ಲಿ ನ್ಯೂಟನ್ ಲೆಕ್ಕದಲ್ಲಿ ಬರೆದಿರುತ್ತದೆ. 50 ಅಂದರೆ ಈಜು ಬಲ್ಲವರಿಗೆ ಒಂದು ಆಸರೆ. ಈಜು ಬಾರದವರಿಗೆ, ಮಕ್ಕಳಿಗೆ 100 ಬೇಕು. ಅಳತೆ ಇನ್ನೂ ಮುಖ್ಯ. ವಲಿಯಪರಂಬದ ಕಡೆ ಹಿನ್ನೀರಿನಲ್ಲಿ ಕಯಾಕ್ ಅನ್ನುವ ಸಣ್ಣ ದೋಣಿಗೆ ಹುಟ್ಟು ಹಾಕಲು ಹೋಗಿದ್ದಾಗ ನನ್ನ ಮಗಳಿಗೆ ದೊಡ್ಡವರ ಜಾಕೆಟ್ ಕೊಟ್ಟಿದ್ದರು. ಭುಜದ ಹತ್ತಿರ ಹಿಡಿದು ಎತ್ತಿದೆ, ಅದು ಸೀದಾ ಕಿವಿಯ ಮೇಲೆ ಬಂತು. ನೀರಿಗೆ ಬಿದ್ದರೆ ಜಾಕೆಟ್ ತೇಲುತ್ತದೆ, ಮಗು ಕೆಳಗೆ ಜಾರುತ್ತದೆ. ಸಣ್ಣ ಅಳತೆಯದು ಸಿಗುವ ತನಕ ನಾವು ದಡ ಬಿಡಲಿಲ್ಲ, ಅರ್ಧ ಗಂಟೆ ಕಾದೆವು. ಕಯಾಕ್ ಮಗುಚಿದರೆ ಅದನ್ನೇ ಹಿಡಿದುಕೊಂಡಿರಬೇಕು, ದಡ ಹತ್ತಿರ ಕಾಣುತ್ತದೆ ಅಂತ ಈಜಲು ಹೊರಡಬಾರದು. ಇದನ್ನು ಮಕ್ಕಳಿಗೆ ಹತ್ತುವ ಮೊದಲೇ ಹೇಳಿಸಿ, ಬಾಯಿಪಾಠ ಮಾಡಿಸಿದೆ. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ದೋಣಿ ಮಗುಚಿ 22 ಜನ ಹೋದರು, ಮಕ್ಕಳೇ ಜಾಸ್ತಿ. ಹಿಡಿಸುವುದಕ್ಕಿಂತ ಹೆಚ್ಚು ಜನ ಹತ್ತಿದ್ದರು. ಆ ವಾರ ನಮ್ಮ ಮಕ್ಕಳನ್ನು ತೆಪ್ಪ ಹತ್ತಲು ಬಿಡಲು ನನಗೆ ಮನಸ್ಸೇ ಬರಲಿಲ್ಲ.

ದೊಡ್ಡ ಹುಡುಗರದ್ದು ಬೇರೆ ತಲೆಬಿಸಿ. ಕಟ್ಟೆಯಿಂದ ತಲೆ ಕೆಳಗಾಗಿ ಹಾರುವುದು. ಮಳೆಗಾಲದಲ್ಲಿ 18 ಅಡಿ ನೋಡಿದ ಕಣ್ಣಿಗೆ ಮೇ ತಿಂಗಳ 8 ಅಡಿ ಗೊತ್ತಾಗುವುದಿಲ್ಲ. ಅದಕ್ಕೇ ಕಟ್ಟೆಯ ಒಳಬದಿಗೆ ಒಂದೊಂದು ಅಡಿಗೆ ಬಿಳಿ ಗೆರೆ ಎಳೆಸಿದೆವು. ಇನ್ನೊಂದು, ಯಾರು ಜಾಸ್ತಿ ಹೊತ್ತು ಮುಳುಗಿರುತ್ತಾರೆ ಅಂತ ಪಂತ. ಮುಳುಗುವ ಮೊದಲು ಜೋರು ಜೋರಾಗಿ ಉಸಿರು ಎಳೆದು ಬಿಡುತ್ತಾರೆ. ಹಾಗೆ ಮಾಡಿದಾಗ ಉಸಿರು ಬೇಕು ಅಂತ ಮೈ ಕೊಡುವ ಎಚ್ಚರಿಕೆ ತಡವಾಗುತ್ತದೆ, ಅಷ್ಟರಲ್ಲಿ ನೀರಿನೊಳಗೇ ಎಚ್ಚರ ತಪ್ಪುತ್ತದೆ. ಚೆನ್ನಾಗಿ ಈಜುವ ಹುಡುಗರೇ ಹೀಗೆ ಹೋಗುವುದು. ನಮ್ಮಲ್ಲಿ ಆ ಪಂತಕ್ಕೆ ಪೂರ್ತಿ ನಿಷೇಧ.

ಕೇರಳದಲ್ಲಿರುವ ನಮಗೆ ಈಗ ಅಮೀಬಾದಿಂದ ಬರುವ ಮೆದುಳು ಜ್ವರದ ಹೆದರಿಕೆಯೂ ಸೇರಿದೆ. 2016ರಲ್ಲಿ ಆಲಪ್ಪುಳದಲ್ಲಿ ಮೊದಲು ಕಂಡದ್ದು. 2024ರಲ್ಲಿ ಕೋಝಿಕ್ಕೋಡ್ ಕಡೆಯ 14 ವರ್ಷದ ಒಬ್ಬ ಹುಡುಗ ಬದುಕಿ ಬಂದ ಸುದ್ದಿ ಓದಿ ನಾನು ಅತ್ತಿದ್ದೆ, ಯಾಕೆಂದರೆ ಇದರಲ್ಲಿ ಬದುಕುವವರು ತುಂಬಾ ಕಡಿಮೆ. ಬಿಸಿಲಿಗೆ ಬೆಚ್ಚಗಾದ, ನಿಂತ ನೀರಿನಲ್ಲಿ ಈ ಅಮೀಬಾ ಇರುತ್ತದೆ. ಕುಡಿದರೆ ಬರುವುದಿಲ್ಲ, ಮೂಗಿನಿಂದ ಮೇಲೆ ಹೋದರೆ ಬರುತ್ತದೆ. ಹಾಗಾಗಿ ನೀರು ತಳಕ್ಕೆ ಇಳಿದು ಬೆಚ್ಚಗಾದ ಮೇಲೆ ನಮ್ಮಲ್ಲಿ ಹಾರುವುದು, ಮುಳುಗುವುದು, ತಳದ ಕೆಸರು ಕಲಕುವುದು ಬಂದ್. ಎಲ್ಲರಿಗೂ ಮೂಗಿನ ಕ್ಲಿಪ್. ಈಜಿ ಹೋದ ಒಂದೆರಡು ವಾರದೊಳಗೆ ಮಗುವಿಗೆ ಜೋರು ತಲೆನೋವು, ಜ್ವರ, ವಾಂತಿ, ಕತ್ತು ಬಿಗಿತ ಬಂದರೆ, ಕೆರೆಯಲ್ಲಿ ಈಜಿದ್ದನ್ನು ಡಾಕ್ಟರಿಗೆ ಮೊದಲ ಮಾತಿನಲ್ಲೇ ಹೇಳಿ. ಅವರು ಕೇಳುವ ತನಕ ಕಾಯಬೇಡಿ. ಎಲ್ಲ ನೆಂಟರಿಗೂ ಹೊರಡುವಾಗ ಇದನ್ನು ಹೇಳಿ ಕಳಿಸುತ್ತೇನೆ. ಕಾಲಿಗೆ ಗಾಯ ಇದ್ದವರನ್ನು ಇಳಿಸುವುದಿಲ್ಲ, ಇಲಿ ಜ್ವರ ಬರುವುದು ಆ ದಾರಿಯಿಂದ.

ಆದರೆ ಈಗ ನನಗೆ ನಿದ್ದೆ ಕೆಡಿಸುತ್ತಿರುವುದು ನಮ್ಮ ಮದಕ ಅಲ್ಲ. ಗುಡ್ಡದ ಆಚೆ ಕೆಂಪು ಕಲ್ಲು ಕಡಿದು ಬಿಟ್ಟ ಕೋರೆ ಇದೆ. ಮಳೆ ಬಂದರೆ ತುಂಬುತ್ತದೆ, ನೀರು ಹಸಿರಾಗಿ ಕಾಣಲು ಬಹಳ ಚಂದ. ಕೆರೆಗೆ ಮೆಟ್ಟಿಲು ಇರುತ್ತದೆ, ಹೊಳೆಗೆ ಇಳಿಜಾರು ಇರುತ್ತದೆ. ಕೋರೆಗೆ ಎರಡೂ ಇಲ್ಲ. ಮಿಷನ್ನಿನಲ್ಲಿ ಕಡಿದ ಗೋಡೆ ಸೀದಾ ಇಳಿಯುತ್ತದೆ, ಮೊದಲ ಹೆಜ್ಜೆಯೇ ಎರಡು ಆಳಿನಷ್ಟು ಆಳ. ಒದ್ದೆ ಗೋಡೆಗೆ ಪಾಚಿ, ಹಿಡಿಯಲು ಏನೂ ಸಿಗುವುದಿಲ್ಲ. ಈಜು ಬಂದವರೂ ಹತ್ತಲಾಗದೆ ಸುಸ್ತಾಗಿ ಹೋಗುತ್ತಾರೆ. ಅಲ್ಲಿ ಶಾಲೆಯಿಂದ ಬರುವ ಮಕ್ಕಳ ಕಾಲುದಾರಿ ಇದೆ. ಜಾಗದ ಯಜಮಾನರ ಹತ್ತಿರ ಮಾತಾಡಿದೆ, ಬೇಲಿ ಹಾಕಿಕೊಳ್ಳಿ ಅಂದರು. ನಾವು ಮೂರು ಮನೆಯವರು, ಕೆಳಗಿನ ಮನೆಯ ಬ್ಯಾರಿ ಅಣ್ಣ ಮತ್ತು ಅವರ ಇಬ್ಬರು ಮಕ್ಕಳು ಸೇರಿ ಅಡಿಕೆ ಸಲಾಕೆಯ ಬೇಲಿ ಕಟ್ಟುತ್ತಿದ್ದೇವೆ. ಕಾಲುದಾರಿಯ ಬದಿ ಮತ್ತು ಮೇಲಿನ ಬದಿ ಮುಗಿಯಿತು. ಮೂಲೆಯಲ್ಲಿ ಒಂದು ಹಗ್ಗದ ಏಣಿ ಇಳಿಬಿಟ್ಟು, ಗಟ್ಟಿ ಮರಕ್ಕೆ ಕಟ್ಟಿದ್ದೇವೆ, ಬಿದ್ದವರಿಗೆ ಹಿಡಿಯಲು ಏನಾದರೂ ಇರಲಿ ಅಂತ. ಪಡುವಣ ಬದಿ ಇನ್ನೂ ಬಾಕಿ, ಮೂವತ್ತು ಸಲಾಕೆ ಬೇಕು. ಭಾನುವಾರ ಮಳೆ ಸ್ವಲ್ಪ ಬಿಟ್ಟರೆ ಬೆಳಿಗ್ಗೆ ಏಳಕ್ಕೆ ಹೋಗುವುದು ಅಂತ ಆಗಿದೆ.